ಬರೆಯುವ ಕೈ, ಜೋಡಿಸುವ ಕೈ

ಚಿತ್ರ ಬರೆಯುವುದು ಒಂದು ಕೆಲಸ. ಬರೆದುದನ್ನು ಆಯ್ದು, ಜನರ ಕಣ್ಣಿಗೆ ಒಪ್ಪವಾಗಿ ಕಾಣುವಂತೆ ಜೋಡಿಸಿಡುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಕೈಹಾಕಿದ ಕಲಾವಿದ ಮೊದಲನೆಯದನ್ನು ಕಳೆದುಕೊಳ್ಳುತ್ತಾನೆಂಬ ವಾದವುಂಟು. ಅದನ್ನು ಒರೆಗೆ ಹಚ್ಚಿ ನೋಡಲು ಚಿತ್ರದುರ್ಗ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ.

ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಜನಿಸಿದ ಪಿ. ಆರ್. ತಿಪ್ಪೇಸ್ವಾಮಿಯವರು ಜಲವರ್ಣದ ನಿಸರ್ಗಚಿತ್ರಗಳಿಗೆ ಹೆಸರಾದವರು. ಬಯಲುಸೀಮೆಯಲ್ಲಿ ಹುಟ್ಟಿದವರಿಗೆ ಮಲೆನಾಡಿನ ಹಸುರು ಅಷ್ಟೊಂದು ಒಲಿದದ್ದು ಸೋಜಿಗವೇ ಸರಿ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಸ್ಥಾಪನೆಯಾದಾಗ, ಜೀ. ಶಂ. ಪರಮಶಿವಯ್ಯನವರಂತಹ ವಿದ್ವಾಂಸರೊಡನೆ ಅದನ್ನು ಕಟ್ಟಿ ಬೆಳೆಸುವ ಹೊಣೆ ಇವರ ಹೆಗಲೇರಿತು. ಸೋಮನ ಮುಖವಾಡ, ಯಕ್ಷಗಾನದ ವೇಷಭೂಷಣ, ತೊಗಲುಗೊಂಬೆ, ಬೇಸಾಯದ ಉಪಕರಣ, ಅಡುಗೆಮನೆಯ ಪಾತ್ರೆಪರಡಿ ಹೀಗೆ ಆರು ಸಾವಿರಕ್ಕೂ ಮೀರಿದ ವಸ್ತುಗಳು ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ ಬಂದು ಸೇರಿದವು.

ಕುಂಚವನ್ನು ಬದಿಗಿಟ್ಟು ಹಳೆಯ ಸಾಮಾನು ಜೋಡಿಸುವ ಕೆಲಸ ಚಿತ್ರಕಾರನಿಗೇಕೆ? ತೊಗಲುಗೊಂಬೆಯೊಂದನ್ನೇ ತೆಗೆದುಕೊಳ್ಳಬಹುದು. ಅದು ಹದಮಾಡಿದ ತೆಳುದೊಗಲಿನ ಮೇಲೆ ಬರೆದ ಬಣ್ಣ. ಗೋಡೆಗೊತ್ತಿ ಮೊಳೆ ಹೊಡೆದರೆ ಬರಿಯ ಮಂಕು ತೊಗಲಾಗಿ ಉಳಿಯುತ್ತದೆ. ಹಿಂದೆ ದೀಪವಿಟ್ಟರೆ ಅದೇ ಕೆಂಪು, ಅದೇ ಹಸುರು ಜೀವತಳೆಯುತ್ತವೆ. ಜಲವರ್ಣದ ಗುಟ್ಟೂ ಇದೇ. ಕಾಗದದ ಬಿಳುಪು ತೆಳುಬಣ್ಣವನ್ನು ಹಾಯ್ದು ಹೊರಬಂದಾಗಲೇ ಅಲ್ಲಿ ಬೆಳಕು ಮೂಡುವುದು. ದಿನವೂ ಇದನ್ನು ಕೈಯಾರೆ ಮಾಡುವವನಿಗೆ, ಗೊಂಬೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಪುಸ್ತಕ ಹೇಳಿಕೊಡಬೇಕಾಗಿಲ್ಲ. ಗೊಂಬೆ ಬರೆದ ಹೆಸರಿಲ್ಲದ ಕೈಯೊಂದು ತನ್ನ ಸಮಸ್ಯೆಯನ್ನೇ ಎಂದೋ ಬಿಡಿಸಿಟ್ಟಿದೆಯೆಂಬುದೂ ಅವನಿಗೆ ಗೋಚರಿಸುತ್ತದೆ.

ನಷ್ಟವೇ ಇಲ್ಲವೆಂದಲ್ಲ. ಪಟ್ಟಿ ಬರೆಯುವುದರಲ್ಲಿ, ಗೆದ್ದಲು ಕಾಯುವುದರಲ್ಲಿ ಕಳೆದ ಹಗಲು ಚಿತ್ರಕ್ಕೆ ಮರಳಿ ದೊರೆಯದು. ತನ್ನ ಅಭಿರುಚಿಗೆ ಹೊಂದದ್ದನ್ನು ಮೂಲೆಗೆ ತಳ್ಳುವ ಪ್ರಲೋಭನೆಯೂ ಕಲಾವಿದನಿಗೆ ಇತರರಿಗಿಂತ ಹೆಚ್ಚು. ಆದರೆ 2000ರಲ್ಲಿ ನಿಧನರಾದ ತಿಪ್ಪೇಸ್ವಾಮಿಯವರ ಹೆಸರು ನಿಸರ್ಗಚಿತ್ರಗಳಲ್ಲಿಯೂ ಸಂಗ್ರಹಾಲಯದಲ್ಲಿಯೂ ಉಳಿದಿದೆ. ಒಂದು ಇನ್ನೊಂದನ್ನು ನುಂಗಲಿಲ್ಲ.

ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಯಂತಹ ಊರುಗಳಲ್ಲಿ ಚಿತ್ರಪ್ರದರ್ಶನವೆಂದರೆ ಬಹುಮಟ್ಟಿಗೆ ಶಾಲೆಯ ಕೊಠಡಿಯೇ. ಚಿತ್ರಗಳನ್ನು ತೂಗುಹಾಕುವ ಕೆಲಸ ಯಾರಿಗೆ ಬಿಡುವಿದೆಯೋ ಅವರ ಪಾಲಿಗೆ ಬೀಳುವುದು ಸರಿಯಲ್ಲ. ಅದನ್ನು ಸ್ವತಃ ಚಿತ್ರ ಬರೆಯುವ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಒಪ್ಪಿಸಬೇಕು. ಮೊಳೆ, ಸುತ್ತಿಗೆ ಹುಡುಕುವುದಕ್ಕೆ ಮೊದಲು ಅವರು, ಚಿತ್ರದ ಗಾಜಿನ ಮೇಲೆ ಬಿಸಿಲು ಚೆಲ್ಲುವ ಎದುರುಕಿಟಕಿಯನ್ನು ಮುಚ್ಚುತ್ತಾರೆ.