ಕಿಮೋ ನಡೆಯುತ್ತಿರುವ ಮನೆಯಲ್ಲಿ ಥರ್ಮಾಮೀಟರ್ ಇರಲಿ

ಕಿಮೋ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಉದುರಿದ ಕೂದಲು. ಅದು ಮನಸ್ಸಿಗೆ ನೋವು ಕೊಡುತ್ತೆ, ನಿಜ. ಆದರೆ ಜೀವಕ್ಕೆ ಅಪಾಯ ತರುವ ಅಡ್ಡಪರಿಣಾಮ ಕನ್ನಡಿಯಲ್ಲಿ ಕಾಣಲ್ಲ. ಅದು ರಕ್ತದ ಬಿಳಿ ಕಣಗಳು ಕಮ್ಮಿಯಾಗೋದು.

ಕಿಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಕ್ಯಾನ್ಸರ್ ಕೋಶಗಳ ಜೊತೆಗೆ ಕೂದಲಿನ ಬುಡ, ಬಾಯಿಯ ಒಳಪದರ, ಕರುಳು, ಮೂಳೆಮಜ್ಜೆಗೂ ಪೆಟ್ಟು ಬೀಳುತ್ತದೆ. ಅದಕ್ಕೇ ಕೂದಲು ಉದುರುತ್ತೆ, ಬಾಯಿ ಹುಣ್ಣಾಗುತ್ತೆ, ಭೇದಿ ಆಗುತ್ತೆ. ಬಿಳಿ ಕಣಗಳು ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ ತೀರಾ ಕೆಳಗಿಳಿದು, ಆಮೇಲೆ ಮೇಲೇಳುತ್ತವೆ. ಎಷ್ಟೋ ಔಷಧಿಗಳನ್ನು 21 ದಿನಕ್ಕೊಮ್ಮೆ ಕೊಡೋದು ಈ ಚೇತರಿಕೆಗೆ ಸಮಯ ಬೇಕು ಅಂತಲೇ.

ಈ ದಿನಗಳಲ್ಲಿ ಜ್ವರ 100.4 ಡಿಗ್ರಿ ದಾಟಿದರೆ ಅದು ತುರ್ತು ಪರಿಸ್ಥಿತಿ. ಸೋಂಕು ಕೆಲವೇ ತಾಸಿನಲ್ಲಿ ಮೈಯೆಲ್ಲ ಹರಡಬಹುದು.

ನಮ್ಮ ಚಿಗವ್ವನಿಗೆ ಸ್ತನ ಕ್ಯಾನ್ಸರ್. ಮನೆ ಕಮಲಾಪುರದಲ್ಲಿ, ಚಿಕಿತ್ಸೆ ಕಲಬುರಗಿಯಲ್ಲಿ. ಎರಡನೇ ಕಿಮೋ ಆದ ಒಂಬತ್ತನೇ ದಿನ ರಾತ್ರಿ ಹನ್ನೊಂದಕ್ಕೆ ಜ್ವರ 101. ಕಾಕಾ, "ಒಂದು ಗುಳಿಗಿ ಕೊಡೋಣು, ಮುಂಜಾನೆ ನೋಡಿದ್ರಾಯ್ತು" ಅಂದರು. ಗುಳಿಗೆ ಕೊಟ್ಟರೆ ಜ್ವರ ಇಳಿಯುತ್ತೆ, ಸೋಂಕು ಒಳಗೇ ಬೆಳೆಯುತ್ತೆ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟಿದ್ದರಿಂದ ಗಾಡಿ ಸಿಕ್ಕಿತು. ಸುಮಾರು ಒಂದು ತಾಸಿನಲ್ಲಿ ಕಲಬುರಗಿ ತಲುಪಿದರು. ಬಿಳಿ ಕಣ ತೀರಾ ಕಮ್ಮಿ ಇದ್ದವು. ಆ ರಾತ್ರಿಯೇ ನರದ ಮೂಲಕ ಆ್ಯಂಟಿಬಯೋಟಿಕ್ ಶುರುವಾಯಿತು. ಐದು ದಿನ ಇದ್ದು ಮನೆಗೆ ಬಂದಳು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇರೋದರಿಂದ ನಮ್ಮ ಕಡೆಯವರು ಎಲ್ಲದಕ್ಕೂ ರಾತ್ರಿ ರೈಲು ಹತ್ತಬೇಕಿಲ್ಲ. ಆದರೆ ಹಳ್ಳಿ, ತಾಲೂಕಿನಿಂದ ಇಲ್ಲಿಗೆ ಬರೋ ದಾರಿಯನ್ನು ಮೊದಲೇ ಯೋಚಿಸಿರಬೇಕು. ಆಸ್ಪತ್ರೆಯ ನಂಬರ್, ರಾತ್ರಿ ಗಾಡಿ ಯಾರದ್ದು, 108 - ಇಷ್ಟನ್ನೂ ಗೋಡೆ ಮೇಲೆ ಬರೆದಿಡಿ.

ಉಳಿದ ಕೆಲವು ಅಡ್ಡಪರಿಣಾಮಗಳಿಗೆ ಹೆದರುವ ಕಾರಣವಿಲ್ಲ. ಡಾಕ್ಸೊರುಬಿಸಿನ್ ಅನ್ನೋ ಕೆಂಪು ಔಷಧಿ ಕೊಟ್ಟ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗುತ್ತೆ. ಅದು ಔಷಧಿಯ ಬಣ್ಣ. ಹೊರಗಿನಿಂದ ಕೊಡುವ ರೇಡಿಯೇಷನ್‌ನಲ್ಲಿ ಕಿರಣ ಬಿದ್ದ ಜಾಗದ ಚರ್ಮ ಕಪ್ಪಾಗುತ್ತೆ, ಸುಸ್ತು ಇರುತ್ತೆ. ಆದರೆ ಕಿರಣ ಮೈಯಲ್ಲಿ ಉಳಿಯಲ್ಲ, ಮೊಮ್ಮಕ್ಕಳು ಮಡಿಲಲ್ಲಿ ಕೂರಬಹುದು. ಆ ಚರ್ಮಕ್ಕೆ ಡಾಕ್ಟರನ್ನು ಕೇಳದೆ ಅರಿಶಿನ, ಎಣ್ಣೆ ಹಚ್ಚಬೇಡಿ.

ಬಾಯಿ ಹುಣ್ಣಿದ್ದಾಗ ಜೋಳದ ರೊಟ್ಟಿ, ಖಾರ ಇಳಿಯಲ್ಲ. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ಮೆತ್ತಗಿನ ಅನ್ನ, ಬೇಳೆ ಕೊಡಿ. ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ಆಗ ಚಿಗವ್ವನಿಗೆ ಒಗ್ಗಿತು. ಮೆತ್ತಗಿರುತ್ತೆ, ತಿನ್ನುವಾಗಲೇ ಸಿಪ್ಪೆ ಸುಲಿಯಬಹುದು. ಅದು ಆಹಾರ ಅಷ್ಟೇ, ಕ್ಯಾನ್ಸರಿಗೆ ಔಷಧ ಅಲ್ಲ.

ಇನ್ನೊಂದು ಮಾತು. ಬೆರಳು ಜುಮ್ಮೆನ್ನುವುದನ್ನು ಚಿಗವ್ವ ಎರಡು ವಾರ ಮುಚ್ಚಿಟ್ಟಿದ್ದಳು. "ಹೇಳಿದ್ರ ಔಷಧ ನಿಂದರಸ್ತಾರ" ಅನ್ನೋ ಭಯ. ಹೇಳಿದ ಮೇಲೆ ಡಾಕ್ಟರು ಪ್ರಮಾಣ ಸ್ವಲ್ಪ ಇಳಿಸಿ ಚಿಕಿತ್ಸೆ ಮುಂದುವರಿಸಿದರು. ವಾಂತಿ, ಮಲಬದ್ಧತೆಗೂ ಔಷಧಿಯಿದೆ, ಸಹಿಸಿಕೊಂಡು ಕೂರಬೇಕಿಲ್ಲ.

ದೂರದ ಊರಲ್ಲಿ ಕೆಲಸದಲ್ಲಿರುವ ನೀವು ಮನೆಗೆ ಫೋನ್ ಮಾಡಿದಾಗ "ಹ್ಯಾಂಗಿದ್ದಿ?" ಅಂತ ಮಾತ್ರ ಕೇಳಬೇಡಿ. "ಆರಾಮ ಇದ್ದೀನಿ ತಗೋ" ಅನ್ನೋ ಉತ್ತರ ಬಾಯಲ್ಲೇ ಇರುತ್ತೆ. ಇವತ್ತು ಜ್ವರ ನೋಡಿದ್ರಾ, ಎಷ್ಟು ಇತ್ತು? ಎಷ್ಟು ನೀರು ಕುಡಿದ್ರಿ? ಕಿಮೋ ಆಗಿ ಇವತ್ತಿಗೆ ಎಷ್ಟನೇ ದಿನ? ಇದನ್ನು ಕೇಳಿ.