ಗ್ರಿಲ್ ಅಗ್ಗದ್ದಾದರೂ ಪೈಪು ಅಗ್ಗದ್ದು ಬೇಡ

ಹಾನಗಲ್ಲಿಗೆ ಬಂದು ಇಪ್ಪತ್ತು ವರ್ಷ ಕಳೆದರೂ ಹಬ್ಬ ಹತ್ತಿರ ಬಂತೆಂದರೆ ನನ್ನ ಕಿವಿ ಶಿರಸಿ ರಸ್ತೆಯ ಕಡೆಗೇ ಇರುತ್ತದೆ. ಮಂಗಳೂರಿನಿಂದ ತಂಗಿಯ ಸಂಸಾರ ಬರುವುದು ಆ ದಾರಿಯಲ್ಲಿ. ಶಿಗ್ಗಾವಿಯಲ್ಲಿ ಬೇಕರಿ ಇಟ್ಟಿರುವ ದೊಡ್ಡಪ್ಪನ ಮಗ, ಸವಣೂರಿನಲ್ಲಿರುವ ಚಿಕ್ಕಮ್ಮನ ಮನೆಯವರು, ಹಿರೇಕೆರೂರಿನ ನನ್ನ ಭಾವ, ಎಲ್ಲರೂ ಒಂದೆರಡು ಗಂಟೆಯ ದಾರಿಯವರೇ. ಆದರೂ ಒಟ್ಟಿಗೆ ಕೂತು ಊಟ ಮಾಡುವುದು ವರ್ಷಕ್ಕೆ ಎರಡು ಸಲ ಆದರೆ ಹೆಚ್ಚು.

ಕಳೆದ ಬಕ್ರೀದ್‌ನ ಮಾರನೇ ದಿನ ಪರಿಚಯದವರ ಮಾವಿನ ತೋಟದಲ್ಲಿ ಎಲ್ಲರೂ ಸೇರಿದೆವು. ತಂಗಿಯ ಮಗ ಕಾರಿನ ಡಿಕ್ಕಿಯಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸಿದ ಮಡಚುವ ಗ್ಯಾಸ್ ಗ್ರಿಲ್. "ಮಾಮ, ಹತ್ತು ನಿಮಿಷದಲ್ಲಿ ಜೋಡಿಸ್ತೇನೆ" ಎಂದ. ಒಳಗಿದ್ದ ಕಾಗದವನ್ನು ಯಾರೂ ಓದಲಿಲ್ಲ. ಸಿಲಿಂಡರ್ ನಮ್ಮ ಅಡುಗೆಮನೆಯದ್ದೇ. ಪೈಪು ಹಳೇ ಒಲೆಯಿಂದ ಬಿಚ್ಚಿಟ್ಟದ್ದು, ಎಷ್ಟು ವರ್ಷದ್ದೋ ನನಗೂ ನೆನಪಿಲ್ಲ.

ತೋಟ ನೋಡಿಕೊಳ್ಳುವ ಹಿರಿಯರು ದೂರದಿಂದಲೇ ಕೂಗಿದರು: "ಸಾಹೇಬ್ರ, ಗ್ಯಾಸ್ ವಾಸನಿ ಬರಾಕತ್ತೈತಿ. ಮೊದ್ಲ ಸಿಲಿಂಡರ್ ಬಂದ್ ಮಾಡ್ರಿ!" ಹುಡುಗ, "ಹೊಸತಲ್ವಾ, ಸ್ವಲ್ಪ ವಾಸನೆ ಇರ್ತದೆ" ಎನ್ನುತ್ತಾ ಮುಚ್ಚಳ ಮುಚ್ಚಿದ್ದಂತೆಯೇ ಗುಂಡಿ ಒತ್ತಿದ. ಭುಗ್ ಎಂದಿತು. ಮುಚ್ಚಳ ಹಾರಿ ಬಿತ್ತು. ಅವನ ಹುಬ್ಬು, ಮುಂಗೂದಲು ಸುಟ್ಟವು, ಕೈಗೆ ಬೊಬ್ಬೆ ಎದ್ದಿತು. ನನ್ನ ಮೊಮ್ಮಗಳು ಆ ಗ್ರಿಲ್‌ನ ಪಕ್ಕದಲ್ಲೇ ನಿಂತಿದ್ದವಳು, ನೀರು ಬೇಕೆಂದು ಅವಳ ಉಮ್ಮನ ಹತ್ತಿರ ಹೋಗಿ ಒಂದು ನಿಮಿಷವೂ ಆಗಿರಲಿಲ್ಲ. ಅಲ್‌ಹಮ್ದುಲಿಲ್ಲಾಹ್, ಅಷ್ಟರಲ್ಲೇ ಮುಗಿಯಿತು.

ಮನೆಗೆ ಬಂದ ಮೇಲೆ ಎಲ್ಲರೂ ಒಂದೇ ಮಾತು ಹೇಳಿದರು: "ಅಗ್ಗದ ಮಾಲು, ಹಾಗೇ ಆಗುವುದು." ನಾನು ಒಪ್ಪುವುದಿಲ್ಲ. ಅದೇ ಗ್ರಿಲ್ ಈಗಲೂ ನಮ್ಮ ಮನೆಯಲ್ಲಿ ಉಂಟು, ಚೆನ್ನಾಗಿಯೇ ಬೇಯಿಸುತ್ತದೆ. ತಪ್ಪು ಗ್ರಿಲ್‌ನದ್ದಲ್ಲ, ನಮ್ಮದು. ಮಾಂಸಕ್ಕೆ, ಮಸಾಲೆಗೆ, ಪೆಟ್ರೋಲಿಗೆ ಸಾವಿರಗಟ್ಟಲೆ ಖರ್ಚು ಮಾಡಿದವರು ಒಂದು ಪೈಪಿಗೆ, ಅರ್ಧ ಗಂಟೆಯ ತಾಳ್ಮೆಗೆ ಜಿಪುಣರಾದೆವು. ಗಲ್ಫಿನಿಂದ ಬಂದವರ ಜೊತೆ ಈ ಗ್ರಿಲ್ ಹವ್ಯಾಸ ನಮ್ಮ ಮನೆಗಳಿಗೆ ಬಂದಿದೆ, ಇನ್ನು ಹೋಗುವುದಿಲ್ಲ. ಹೋಗಬೇಕೆಂದೂ ನಾನು ಹೇಳುವುದಿಲ್ಲ. ಆದರೆ ಅದನ್ನು ಆಟದ ಸಾಮಾನಿನಂತೆ ಜೋಡಿಸುವುದು ನಿಲ್ಲಬೇಕು.

ಜೋಡಿಸುವಾಗ

ಇಂಥ ಗ್ರಿಲ್‌ನಲ್ಲಿ ಇರುವುದು ಐದಾರು ಭಾಗ: ಮಡಚುವ ಕಾಲು, ತಗಡಿನ ತೊಟ್ಟಿ, ಅದರೊಳಗೆ ಬರ್ನರ್ ಕೊಳವೆ, ಮೇಲೆ ಕಂಬಿಯ ಜಾಲರಿ, ಕೆಳಗೆ ಕೊಬ್ಬು ಇಳಿಯುವ ತಟ್ಟೆ, ಮುಚ್ಚಳ. ಕಾಲಿನ ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಕೂರಿಸಿ, ನಾಲ್ಕೂ ಕಾಲು ನೆಲಕ್ಕೆ ಸಮನಾಗಿ ತಾಗಿದ ಮೇಲೆ ಬಿಗಿ ಮಾಡಬೇಕು. ಒಂದೊಂದನ್ನೇ ಬಿಗಿಯುತ್ತಾ ಹೋದರೆ ಕೊನೆಯದು ಕೂರುವುದೇ ಇಲ್ಲ. ತಗಡಿಗೆ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆ ಇದ್ದರೆ ಕಿತ್ತು ತೆಗೆಯಬೇಕು.

ಎಲ್ಲಕ್ಕಿಂತ ಮುಖ್ಯ ಜಾಗ ನಾಬ್‌ನ ಹಿಂದೆ ಉಂಟು. ಅಲ್ಲಿ ಸೂಜಿಯ ಮೊನೆಯಷ್ಟು ತೂತಿರುವ ಹಿತ್ತಾಳೆಯ ಜೆಟ್ ಇರುತ್ತದೆ. ಬರ್ನರ್ ಕೊಳವೆಯ ಬಾಯಿ ಆ ಜೆಟ್‌ನ ಮೇಲೆ ಸರಿಯಾಗಿ ಕೂತರೆ ಗ್ಯಾಸ್ ಗಾಳಿಯನ್ನು ಎಳೆದುಕೊಂಡು ಕೊಳವೆಯೊಳಗೆ ಹೋಗುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿದರೂ ಗ್ಯಾಸ್ ಹೊರಗೆ, ನಾಬ್‌ನ ಕೆಳಗೆ, ತೊಟ್ಟಿಯೊಳಗೆ ತುಂಬುತ್ತದೆ. ನಮ್ಮಲ್ಲಿ ಆದದ್ದು ಇದೇ. ಬಹಳ ದಿನ ಮೂಲೆಯಲ್ಲಿಟ್ಟ ಗ್ರಿಲ್ ಆದರೆ ಕೊಳವೆಯೊಳಗೆ ಜೇಡ ಗೂಡು ಕಟ್ಟಿರಬಹುದು. ಅದನ್ನೂ ತೆಳು ಬ್ರಷ್‌ನಿಂದ ತೆಗೆಯಬೇಕು. ಹೊತ್ತಿಸಿದ ಮೇಲೆ ಉರಿ ನೀಲಿಯಾಗಿರಬೇಕು. ಹಳದಿಯಾಗಿ ನಾಲಿಗೆ ಚಾಚಿದರೆ ಗಾಳಿ ಸಾಲುತ್ತಿಲ್ಲ ಎಂದರ್ಥ.

ಗ್ಯಾಸ್ ಯಾವುದು?

ಹೊರದೇಶದ ಪೆಟ್ಟಿಗೆಗಳ ಮೇಲೆ "ಪ್ರೊಪೇನ್" ಎಂದು ಬರೆದಿರುತ್ತದೆ. ನಮ್ಮ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಅಮೆರಿಕದ ಸಣ್ಣ ಗ್ರಿಲ್‌ಗಳು ಸುಮಾರು ಅರ್ಧ ಕಿಲೋದ ತಿರುಪಿನ ಡಬ್ಬಿಗೆ ಮಾಡಿದವು. ಅವುಗಳ ಬಾಯಿ ನಮ್ಮ ಸಿಲಿಂಡರಿಗೆ ಕೂರುವುದಿಲ್ಲ. ಆಗ ಕೆಲವರು ತಂತಿ ಸುತ್ತಿ, ಅಂಟು ಹಚ್ಚಿ "ಸರಿ ಮಾಡುತ್ತಾರೆ". ಮಾರಾಯ್ರೆ, ಇದು ಮೊಬೈಲ್ ಚಾರ್ಜರ್ ಅಲ್ಲ. ಕೊಳ್ಳುವ ಮೊದಲೇ ಭಾರತದ ಎಲ್‌ಪಿಜಿ ರೆಗ್ಯುಲೇಟರ್ ಮತ್ತು ಪೈಪಿಗೆ ಹೊಂದುತ್ತದೆಯೇ ಎಂದು ಕೇಳಿ ನೋಡಿ. ಹೊಂದದಿದ್ದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಇನ್ನೊಂದು ಚಟ, ಮನೆಯ 14.2 ಕಿಲೋ ಸಿಲಿಂಡರಿನಿಂದ ಸಣ್ಣ ಡಬ್ಬಿಗೆ ಗ್ಯಾಸ್ ತುಂಬಿಸುವುದು. ಸಂತೆ ಬೀದಿಯ ಹಿಂದೆ ಇದನ್ನು ಮಾಡಿಕೊಡುವವರು ಯಾವ ಊರಿನಲ್ಲೂ ಸಿಗುತ್ತಾರೆ. ಇದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಎಷ್ಟು ತುಂಬಿತು ಎಂದು ತುಂಬುವವನಿಗೂ ಗೊತ್ತಿರುವುದಿಲ್ಲ. ಕತ್ತಿನವರೆಗೆ ತುಂಬಿದ ಡಬ್ಬಿ ಬಿಸಿಲಿಗೆ ಬಂದರೆ ಒಳಗಿನ ದ್ರವಕ್ಕೆ ಹಿಗ್ಗಲು ಜಾಗವೇ ಇರುವುದಿಲ್ಲ. ಇದಕ್ಕೆ ನೇರ ದಾರಿಯೇ ಉಂಟು. ತೈಲ ಕಂಪನಿಗಳು 5 ಕಿಲೋ ಸಿಲಿಂಡರ್ ಮಾರುತ್ತವೆ. ಇಂಡೇನ್‌ನವರು 2020ರಲ್ಲಿ ಅದಕ್ಕೆ "ಛೋಟು" ಎಂದು ಹೆಸರಿಟ್ಟರು. ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ತೋರಿಸಿದರೆ ಏಜೆನ್ಸಿಯಲ್ಲಿ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುತ್ತದೆ. ಕಿಲೋ ಲೆಕ್ಕದಲ್ಲಿ ಸ್ವಲ್ಪ ದುಬಾರಿ ನಿಜ. ಆದರೆ ಅಡುಗೆಮನೆಯ ಸಿಲಿಂಡರ್ ಹೊತ್ತೊಯ್ದು ಮನೆಯ ಹೆಂಗಸರನ್ನು ಒಲೆ ಇಲ್ಲದೆ ಕೂರಿಸುವುದೂ ತಪ್ಪುತ್ತದೆ.

ಸಿಲಿಂಡರ್ ತೆಗೆದುಕೊಳ್ಳುವಾಗ ಹಿಡಿಯ ಕೆಳಗಿನ ಪಟ್ಟಿ ನೋಡಿ. ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು, ಅದರ ಪಕ್ಕ ಇಸವಿಯ ಎರಡು ಅಂಕಿ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಆ ಅವಧಿಯೊಳಗೆ ಸಿಲಿಂಡರಿನ ಪರೀಕ್ಷೆ ಆಗಬೇಕು. ಅವಧಿ ದಾಟಿದ್ದರೆ ವಾಪಸ್ ಕೊಡಿ. ಪೈಪು ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪೇ ಆಗಿರಲಿ. ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು.

ಹೊತ್ತಿಸುವ ಮೊದಲು ಸೋಪಿನ ನೊರೆಯನ್ನು ರೆಗ್ಯುಲೇಟರ್, ಪೈಪಿನ ಎರಡೂ ತುದಿ, ನಾಬ್‌ನ ಹಿಂಬದಿಗೆ ಹಚ್ಚಿ, ನಾಬ್ ಮುಚ್ಚಿಟ್ಟು ಸಿಲಿಂಡರ್ ತೆರೆಯಿರಿ. ಗುಳ್ಳೆ ಎದ್ದರೆ ಅಲ್ಲಿ ಸೋರಿಕೆ. ಕಡ್ಡಿ ಗೀರಿ ನೋಡುವವರಿಗೆ ಹೇಳಲು ನನ್ನ ಬಳಿ ಮಾತಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಕೃಷಿ ಹೊಂಡದ ದಂಡೆ, ಚರಂಡಿಯ ಪಕ್ಕ ಗ್ರಿಲ್ ಬೇಡ. ಮಳೆ ಬಂತೆಂದು ಮನೆಯೊಳಗೆ, ಶಟರ್ ಎಳೆದ ಅಂಗಡಿಯೊಳಗೆ ಹಚ್ಚುವುದೂ ಬೇಡ. ಅಲ್ಲಿ ಕಣ್ಣಿಗೆ ಕಾಣದ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮಲಗಿದವರನ್ನು ಏಳಿಸುವುದಿಲ್ಲ.

ಮುಚ್ಚಳ ತೆರೆದೇ ಹೊತ್ತಿಸಿ. ನಾಲ್ಕೈದು ಸೆಕೆಂಡಿನಲ್ಲಿ ಹತ್ತದಿದ್ದರೆ ನಾಬ್ ಮುಚ್ಚಿ ಐದು ನಿಮಿಷ ಸುಮ್ಮನಿರಿ. ಆರಿಸುವಾಗ ಮೊದಲು ಸಿಲಿಂಡರ್, ಪೈಪಿನ ಗ್ಯಾಸ್ ಉರಿದು ಮುಗಿದ ಮೇಲೆ ನಾಬ್. ಸೋರಿಕೆಗೆ ಕರೆ ಮಾಡಬೇಕಾದ ಸಂಖ್ಯೆ 1906. ಅದನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.

ಇದ್ದಿಲಿನ ರುಚಿ ಬರ್ತದಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಪೂರ್ತಿ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಸುಟ್ಟ ಮಾಂಸದ ಘಮದಲ್ಲಿ ದೊಡ್ಡ ಪಾಲು ಕೊಬ್ಬು ಬಿಸಿ ಲೋಹದ ಮೇಲೆ ಬಿದ್ದು ಏಳುವ ಹೊಗೆಯದ್ದು, ಅದು ಗ್ಯಾಸಿನಲ್ಲೂ ಬರುತ್ತದೆ. ಇನ್ನೂ ಬೇಕಾದರೆ ಕೊನೆಗೆ ಪಾತ್ರೆಯಲ್ಲಿ ಒಂದು ಕೆಂಡ ಇಟ್ಟು ತುಪ್ಪ ಬಿಟ್ಟು ಮುಚ್ಚಿ. ಈ ಭಾಗದಲ್ಲಿ ಇದ್ದಿಲಿಗೆ ಬೇರೆಯೇ ಒಂದು ತೊಂದರೆ ಉಂಟು. ಶಿಗ್ಗಾವಿ, ಸವಣೂರಿನ ಬಯಲಿನ ಗಾಳಿ ಗೊತ್ತಲ್ಲ. ಗೋವಿನಜೋಳ ಕೊಯ್ದ ಮೇಲೆ ಒಣ ದಂಟು ಹೊಲದಲ್ಲೇ ಇರುತ್ತದೆ. ಒಂದು ಕಿಡಿ ಹಾರಿದರೆ ಇನ್ನೊಬ್ಬರ ವರ್ಷದ ಮೇವು ಹೋಯಿತು. ನಾಬ್ ತಿರುಗಿಸಿದರೆ ಆರುವ ಬೆಂಕಿ ಇಲ್ಲಿ ಕಡಿಮೆ ಅಪಾಯದ್ದು.

ಅದೇ ಗಾಳಿ ಅಗ್ಗದ ಗ್ರಿಲ್‌ಗೂ ಶತ್ರು. ತಗಡು ತೆಳು, ಬಿಸಿ ನಿಲ್ಲುವುದಿಲ್ಲ. ಗೋಡೆಯ ಮರೆ ಹಿಡಿಯಬೇಕು. ಸಿಲಿಂಡರ್ ಮಾತ್ರ ಪೈಪಿನ ಪೂರ್ತಿ ಉದ್ದದಷ್ಟು ದೂರ, ನೆಟ್ಟಗೆ ನಿಲ್ಲಬೇಕು. ಮೊದಲ ಸಲ ಹದಿನೈದು ನಿಮಿಷ ಖಾಲಿ ಉರಿಸಿ ಕಾರ್ಖಾನೆಯ ಎಣ್ಣೆ ಸುಡಬೇಕು, ಆಮೇಲಿನ ದಿನಗಳಲ್ಲಿ ಹತ್ತು ನಿಮಿಷ ಕಾಯಿಸಿದರೆ ಸಾಕು. ಬರ್ನರ್ ನಡುವೆ ಇರುವುದರಿಂದ ನಡು ಭಾಗ ಸುಡುತ್ತದೆ, ಮೂಲೆ ತಣ್ಣಗಿರುತ್ತದೆ. ಇದು ದೋಷವಲ್ಲ, ಬಳಸಿಕೊಳ್ಳಬೇಕು. ಕೋಳಿಯ ಕಾಲನ್ನು ಎಲುಬಿನವರೆಗೆ ಸೀಳಿ, ಮೊಸರು, ಶುಂಠಿ-ಬೆಳ್ಳುಳ್ಳಿ, ನೆನೆಸಿ ಅರೆದ ಬ್ಯಾಡಗಿ ಮೆಣಸು ಹಚ್ಚಿ ನಾಲ್ಕು ಗಂಟೆ ಇಡಿ. ನಡುವೆ ಬಣ್ಣ ಬರಿಸಿ, ಮೂಲೆಗೆ ಸರಿಸಿ ಮುಚ್ಚಳ ಹಾಕಿ ಒಳಗೆ ಬೇಯಿಸಿ. ಎಲುಬಿನ ಹತ್ತಿರ ಕೆಂಪು ನೀರು ಬಂದರೆ ಇನ್ನೂ ಬೆಂದಿಲ್ಲ. ಹಸಿ ಮಾಂಸ ತಂದ ತಟ್ಟೆಯಲ್ಲೇ ಬೆಂದದ್ದನ್ನು ಬಡಿಸಬಾರದು. ಕೊಬ್ಬು ಹತ್ತಿಕೊಂಡರೆ ನೀರು ಹಾಕಬೇಡಿ, ಗ್ಯಾಸ್ ಬಂದ್ ಮಾಡಿ.

ಈ ಬ್ಯಾಡಗಿ ಮೆಣಸನ್ನು ನಮ್ಮ ಕರಾವಳಿಯ ಪ್ರತಿ ಮನೆಯೂ ಬಲ್ಲದು. ಅದರ ಊರು ಇದೇ ಹಾವೇರಿ ಜಿಲ್ಲೆಯದ್ದು, ಹಿರೇಕೆರೂರಿನಿಂದ ದೂರವಿಲ್ಲ. ಊರಿಂದ ಬರುವವರು ಮೆಣಸಿನ ಚೀಲ ಕಟ್ಟಿಕೊಂಡು ಹೋಗದೆ ಇರುವುದಿಲ್ಲ. ಮಳೆಗಾಲದ ಕೊನೆಗೆ ಬಂದರೆ ಹಸಿ ಗೋವಿನಜೋಳದ ತೆನೆ ಸಿಗುತ್ತದೆ. ಸಿಪ್ಪೆಯೊಂದಿಗೆ ನೀರಿನಲ್ಲಿ ನೆನೆಸಿ ಜಾಲರಿಯ ಮೇಲಿಟ್ಟರೆ ಮಕ್ಕಳಿಗೆ ಮಾಂಸವೇ ಬೇಡ.

ಯಾರ ಕೆಲಸ?

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಹಬ್ಬ ಎಂದರೆ ಗಂಡಸರಿಗೆ ಊಟ, ಹೆಂಗಸರಿಗೆ ಅಡುಗೆ. ಗ್ರಿಲ್ ಬಂದಾಗ ಗಂಡಸರು ಚಿಮ್ಮಟ ಹಿಡಿದು ಮುಂದೆ ಬಂದದ್ದು ಒಳ್ಳೆಯದೇ. ಆದರೆ ಮಸಾಲೆ ಅರೆದದ್ದು, ಪತ್ತಿರ್ ಸುಟ್ಟದ್ದು, ಕೊನೆಗೆ ಆ ಜಿಡ್ಡು ಜಾಲರಿ ಉಜ್ಜಿದ್ದು ಯಾರು? ನನ್ನ ಹೆಂಡತಿ ಅಂದು ಕೇಳಿದಳು: "ನೀವು ಫೋಟೋಕ್ಕೆ ಮಾತ್ರವಾ?" ಉತ್ತರ ಇರಲಿಲ್ಲ. ಜಾಲರಿ ಬಿಸಿಯಿರುವಾಗಲೇ ಉಜ್ಜಿ, ತಟ್ಟೆಯ ಕೊಬ್ಬು ತೆಗೆದು, ಬರ್ನರ್ ನೋಡಿ ಮಡಚಿಡುವವರೆಗೂ ಅಡುಗೆ ಮುಗಿಯುವುದಿಲ್ಲ. ತೊಳೆಯದ ಕೊಬ್ಬು ಮುಂದಿನ ಸಲ ಹೊತ್ತಿಕೊಳ್ಳುತ್ತದೆ.

ಒಂದು ಸಲಹೆ ಇದೆ. ಜಮಾಅತ್‌ಗಳಲ್ಲಿ ಮದುವೆಗೆಂದು ದೊಡ್ಡ ಪಾತ್ರೆಗಳನ್ನು ಇಟ್ಟು ಎಲ್ಲರಿಗೂ ಕೊಡುವ ಪದ್ಧತಿ ಉಂಟಲ್ಲ. ಅದರ ಜೊತೆಗೇ ಒಂದು ಒಳ್ಳೆಯ ಗ್ರಿಲ್, ರೆಗ್ಯುಲೇಟರ್, ತಾರೀಕು ಬರೆದ ಐಎಸ್‌ಐ ಪೈಪು, ಒಂದು ಸೋಪಿನ ಬಾಟಲಿ ಇಟ್ಟರೆ ಏನು? ಜೋಡಿಸಲು ಬಲ್ಲ ಇಬ್ಬರು ಹುಡುಗರನ್ನು ತಯಾರು ಮಾಡಿದರೆ ಸಾಕು. ಊರಿಗೆ ನಾಲ್ಕೇ ಮನೆ ಇರುವ ನಮ್ಮಂಥವರಿಗೆ ಮನೆಗೊಂದು ಅಗ್ಗದ ಗ್ರಿಲ್‌ಗಿಂತ ನಾಲ್ಕು ಮನೆಗೆ ಒಂದು ಸರಿಯಾದದ್ದು ಮೇಲು.

ಮೊನ್ನೆ ಅದೇ ತೋಟದಲ್ಲಿ ಮತ್ತೆ ಸೇರಿದೆವು. ತಂಗಿಯ ಮಗ ಕಾಗದ ಓದಿ, ಪ್ರತಿ ಜೋಡಣೆಗೂ ನೊರೆ ಹಚ್ಚಿ, ಮಕ್ಕಳನ್ನು ದೂರ ನಿಲ್ಲಿಸಿ ಹೊತ್ತಿಸಿದ. ಅವನ ಹುಬ್ಬು ಬೆಳೆದಿದೆ, ಕೈಯ ಕಲೆ ಮಾತ್ರ ಉಳಿದಿದೆ. ತೋಟದ ಹಿರಿಯರು ಬಂದು ಮೂಗೆಳೆದು ನೋಡಿ, "ಈಗ ಬರೇ ಕೋಳಿ ವಾಸನಿ ಐತಿ ನೋಡ್ರಿ" ಎಂದು ನಕ್ಕರು. ಮೊದಲ ತುಂಡು ಅವರಿಗೇ ಕೊಟ್ಟೆವು. ಊಟವಾದ ಮೇಲೆ ಚಿಕ್ಕಮ್ಮ ತಂದ ಸವಣೂರು ಎಲೆ ಹಂಚಿಕೊಂಡು ಕೂತಾಗ, ಆ ಒಂದು ನಿಮಿಷದ ಮಾತು ಯಾರೂ ಎತ್ತಲಿಲ್ಲ. ಎಲ್ಲರಿಗೂ ನೆನಪಿತ್ತು.