ಮುಚ್ಚಿದ ಕಾಲುವೆಯೂ ನಿಲ್ಲಬಾರದ ದೋಣಿಯೂ

ಲಂಡನ್ ಎಂದೊಡನೆ ನಮ್ಮ ವಾಚಕರ ಕಣ್ಣಿಗೆ ಕಟ್ಟುವುದು ಥೇಮ್ಸ್ ನದಿ. ಆದರೆ ಆ ಮಹಾನಗರದ ಹಿತ್ತಿಲುಗಳಲ್ಲಿ, ರೈಲು ಸೇತುವೆಗಳ ಕೆಳಗೆ, ಹಳೆಯ ಉಗ್ರಾಣಗಳ ಗೋಡೆಗಳ ಮಗ್ಗುಲಲ್ಲಿ ಮನುಷ್ಯರು ಇನ್ನೂರು ವರ್ಷಗಳ ಹಿಂದೆ ಅಗೆದ ಬೇರೊಂದು ಜಲಮಾರ್ಗವಿದೆ. ಪ್ಯಾಡಿಂಗ್ಟನ್ನಿನಿಂದ ಲೈಮ್‌ಹೌಸಿನ ವರೆಗೆ 1820ರಲ್ಲಿ ಪೂರ್ತಿಗೊಂಡ ರೀಜೆಂಟ್ಸ್ ಕಾಲುವೆ, ಅದರೊಡನೆ ಕೂಡಿಕೊಳ್ಳುವ ಗ್ರ್ಯಾಂಡ್ ಯೂನಿಯನ್ ಕಾಲುವೆ, ಪೂರ್ವದಲ್ಲಿ ಲೀ ನದಿಯ ಜಲಮಾರ್ಗ, ಇವೆಲ್ಲ ಸೇರಿದ ಈ ನೀರಿನ ದಾರಿಯಲ್ಲಿ ಇಂದು ಸುಮಾರು ನಾಲ್ಕು ಸಾವಿರ ದೋಣಿಗಳಿವೆ. ಒಂದು ಕಾಲಕ್ಕೆ ಕಲ್ಲಿದ್ದಲು, ಮರಮಟ್ಟು, ಮಂಜುಗಡ್ಡೆಗಳನ್ನು ಹೊತ್ತ ದಾರಿಯು ಈಗ ಸಂಸಾರಗಳನ್ನು ಹೊರುತ್ತಿದೆ. ಮನೆಬಾಡಿಗೆಯು ಕೈಗೆ ನಿಲುಕದೆ ಹೋದ ಪಟ್ಟಣದಲ್ಲಿ ದೋಣಿಯನ್ನೇ ಮನೆಯನ್ನಾಗಿ ಮಾಡಿಕೊಂಡವರು ಅನೇಕರು. ನೀರಿನ ಮೇಲಿನ ಬಾಳನ್ನು ಮನಸಾರೆ ಒಪ್ಪಿ ಬಂದವರೂ ಇದ್ದಾರೆ. ಈ ಜನರಿಗೆ ಕಾಲುವೆಯೇ ಬೀದಿ, ಕಾಲುವೆಯೇ ಅಂಗಳ. ಸಾರ್ವಜನಿಕ ಸುರಕ್ಷತೆಯ ಹೆಸರಿನಲ್ಲಿ ಅಧಿಕಾರಿಗಳು ಆ ಬೀದಿಯನ್ನು ಮುಚ್ಚಿದಾಗ ಇವರ ಗತಿಯೇನೆಂಬುದು ಮೇಲುನೋಟಕ್ಕೆ ಸಣ್ಣ ಪ್ರಶ್ನೆಯಾಗಿ ಕಂಡರೂ ವಾಸ್ತವವಾಗಿ ಸಣ್ಣದಲ್ಲ.

ಪಟ್ಟಣದಲ್ಲಿ ರಸ್ತೆಯೊಂದನ್ನು ಅಗೆದರೆ ಗಾಡಿಯವನು ಪಕ್ಕದ ಗಲ್ಲಿಯನ್ನು ಹಿಡಿಯುತ್ತಾನೆ. ಕಾಲುವೆಗೆ ಗಲ್ಲಿಗಳಿಲ್ಲ. ರೀಜೆಂಟ್ಸ್ ಕಾಲುವೆಯು ಎಂಟೂವರೆ ಮೈಲಿಗಳಲ್ಲಿ ಸುಮಾರು 86 ಅಡಿ ಕೆಳಗಿಳಿಯುತ್ತದೆ. ಈ ಇಳಿತವನ್ನು ದೋಣಿಯು ಹನ್ನೆರಡು ಮೆಟ್ಟಿಲುಗಳಲ್ಲಿ ದಾಟಬೇಕು. ಲಾಕ್ ಎಂದು ಕರೆಯಲ್ಪಡುವ ಈ ಒಂದೊಂದು ಮೆಟ್ಟಿಲೂ ಎರಡು ಕಡೆ ಬಾಗಿಲುಗಳಿರುವ ಕಲ್ಲಿನ ತೊಟ್ಟಿ. ದೋಣಿಯನ್ನು ಒಳಗೆ ಬಿಟ್ಟು, ನೀರನ್ನು ತುಂಬಿ ಅಥವಾ ಬಸಿದು, ಅದನ್ನು ಏರಿಸುತ್ತಾರೆ ಇಲ್ಲವೆ ಇಳಿಸುತ್ತಾರೆ. ಒಂದು ಲಾಕಿನ ಬಾಗಿಲು ಮುರಿದರೆ, ಒಂದೆಡೆ ದಂಡೆ ಸೋರಿದರೆ, ಒಂದು ಸೇತುವೆಯಿಂದ ಕಲ್ಲು ಉದುರಿದರೆ, ಅದರ ಆಚೆಗೂ ಈಚೆಗೂ ಇರುವ ದೋಣಿಗಳೆಲ್ಲ ನಿಂತಲ್ಲೇ ನಿಲ್ಲಬೇಕು. ಐವತ್ತು ಅರವತ್ತು ಅಡಿ ಉದ್ದದ ದೋಣಿಯನ್ನು ಕಂಡಕಂಡಲ್ಲಿ ಹಿಂದಕ್ಕೆ ತಿರುಗಿಸಲೂ ಆಗದು. ಅದಕ್ಕೆಂದು ಕಾಲುವೆಯನ್ನು ಅಗಲಿಸಿರುವ ತಾಣಗಳಿಗೇ ಹೋಗಬೇಕು.

ಇನ್ನು ಕಾಯಿದೆಯ ಮಾತು. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಕಾಯಂ ಕಟ್ಟುದಾಣವಿಲ್ಲದ ದೋಣಿಯು ಯಥಾರ್ಥವಾಗಿ ಸಂಚಾರದಲ್ಲಿರಬೇಕು. ಯಾವ ಒಂದು ಸ್ಥಳದಲ್ಲಿಯೂ ಎಡೆಬಿಡದೆ 14 ದಿವಸಗಳಿಗಿಂತ ಹೆಚ್ಚು ಕಾಲ ನಿಲ್ಲತಕ್ಕದ್ದಲ್ಲ. ಲಂಡನ್ನಿನ ದೋಣಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ವರ್ಗಕ್ಕೆ ಸೇರಿದವು. ಕಾಯಂ ಕಟ್ಟುದಾಣಗಳು ವಿರಳ. ಇದ್ದವುಗಳ ಬೆಲೆ ಬಡವನಿಗಲ್ಲ. ಹೀಗಾಗಿ ಹದಿನಾಲ್ಕು ದಿನಗಳಿಗೊಮ್ಮೆ ಹಗ್ಗ ಬಿಚ್ಚಿ ಮುಂದೆ ಸಾಗುವುದು ಈ ಜನರ ಬಾಳಿನ ನಿಯಮವಾಗಿದೆ. ಸಾಗದಿದ್ದವನಿಗೆ ನೋಟೀಸು ಬರುತ್ತದೆ, ಮುಂದಿನ ಸಲ ಪರವಾನಿಗಿಯ ಅವಧಿಯು ಮೊಟಕಾಗಬಹುದು, ಪರವಾನಿಗಿಯೇ ಹೋದರೆ 1983ರ ಕಾಯಿದೆಯ ಮೇರೆಗೆ ದೋಣಿಯನ್ನು ನೀರಿನಿಂದ ಎತ್ತಿಸುವ ಅಧಿಕಾರವೂ ಇದೆ. ದೋಣಿ ಹೋಯಿತೆಂದರೆ ಮನೆ ಹೋಯಿತು. ನೆಲದ ಮೇಲಿನ ಬಾಡಿಗೆದಾರನಿಗೆ ಇರುವ ಕಾಯಿದೆಯ ರಕ್ಷಣೆಯು ನೀರಿನ ಮೇಲಿನವನಿಗೆ ಇಲ್ಲ.

ಮುಂದಕ್ಕೆ ಹೋಗೆಂದು ಹೇಳುವವರೂ ದಾರಿಯನ್ನು ಮುಚ್ಚುವವರೂ ಒಬ್ಬರೇ ಎಂಬುದನ್ನು ಇಲ್ಲಿ ಗಮನಿಸಬೇಕು. ಇಂಗ್ಲಂಡ್ ಮತ್ತು ವೇಲ್ಸಿನ ಸುಮಾರು ಎರಡು ಸಾವಿರ ಮೈಲಿ ಜಲಮಾರ್ಗಗಳ ಆಡಳಿತವು 2012ರ ಜುಲೈಯಲ್ಲಿ ಸರಕಾರದ ಮಂಡಲಿಯ ಕೈಯಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮಾದಾಯ ಸಂಸ್ಥೆಗೆ ವರ್ಗವಾಯಿತು. ಲಾಕಿನ ಬಾಗಿಲಿಗೆ ಬೀಗ ಹಾಕುವುದೂ ಈ ಸಂಸ್ಥೆಯೇ. ಹದಿನಾಲ್ಕು ದಿವಸಗಳ ಲೆಕ್ಕವನ್ನು ಬರೆದಿಡುವುದೂ ಈ ಸಂಸ್ಥೆಯೇ. ಕಾಯಿದೆಯಲ್ಲಿ ದಯೆಯಿಲ್ಲವೆನ್ನುವಂತಿಲ್ಲ, ಸಂದರ್ಭಕ್ಕೆ ತಕ್ಕಂತೆ ಯುಕ್ತವೆನಿಸಿದಷ್ಟು ಹೆಚ್ಚು ಕಾಲ ನಿಲ್ಲಬಹುದೆಂದು ಅದೇ ಕಲಮಿನಲ್ಲಿದೆ, ಅರ್ಜಿ ಮಾಡಿಕೊಂಡವರಿಗೆ ಅವಧಿಯನ್ನು ವಿಸ್ತರಿಸುವ ರೂಢಿಯೂ ಇದೆ. ಆದರೆ ಯಾವುದು ಯುಕ್ತವೆಂಬ ನಿರ್ಣಯವು ಮೊದಲು ಅಧಿಕಾರಿಯದು. ಹಕ್ಕಾಗಿ ಬರಬೇಕಾದದ್ದು ಅನುಗ್ರಹವಾಗಿ ಬರುತ್ತದೆ.

ಸುರಕ್ಷತೆಯೆಂಬುದೇ ಒಂದು ನೆವವೆಂದು ನಾವು ಹೇಳುವುದಿಲ್ಲ. ನಗರದ ನಡುವಿನ ಕಾಲುವೆಯು ಎಷ್ಟು ಅಪಾಯದ ವಸ್ತುವೆಂಬುದಕ್ಕೆ ಲಂಡನ್ನಿನ ಚರಿತ್ರೆಯೇ ಸಾಕ್ಷಿ. 1874ರ ಅಕ್ಟೋಬರ್ 2ರ ಬೆಳಗಿನ ಜಾವದಲ್ಲಿ ಟಿಲ್ಬರಿ ಎಂಬ ಸರಕಿನ ದೋಣಿಯು ಸುಮಾರು ಐದು ಟನ್ನು ಕೋವಿಮದ್ದನ್ನೂ ಪೆಟ್ರೋಲಿಯಂ ಎಣ್ಣೆಯನ್ನೂ ಒಟ್ಟಿಗೆ ಹೊತ್ತು ರೀಜೆಂಟ್ಸ್ ಪಾರ್ಕಿನ ಅಂಚಿನ ಮ್ಯಾಕ್ಲ್ಸ್‌ಫೀಲ್ಡ್ ಸೇತುವೆಯ ಕೆಳಗೆ ಬಂದಾಗ ಸ್ಫೋಟಗೊಂಡಿತು. ದೋಣಿಯಲ್ಲಿದ್ದ ಮೂವರೂ ಸತ್ತರು, ಸೇತುವೆಯು ನೆಲಸಮವಾಯಿತು, ಸುತ್ತಲಿನ ಮನೆಗಳು ಜಖಂಗೊಂಡವು. ಮರುವರ್ಷವೇ ಸ್ಫೋಟಕಗಳ ಕಾಯಿದೆಯು ಬಂದಿತು. ಸೇತುವೆಯನ್ನು ಮರಳಿ ಕಟ್ಟುವಾಗ ಹಳೆಯ ಕಬ್ಬಿಣದ ಕಂಬಗಳನ್ನೇ ತಿರುಗಿಸಿ ನಿಲ್ಲಿಸಿದರು. ದೋಣಿಯೆಳೆಯುವ ಕುದುರೆಗಳ ಹಗ್ಗವು ಉಜ್ಜಿ ಬಿದ್ದ ಗೀರುಗಳನ್ನು ಅವುಗಳ ಎರಡೂ ಮಗ್ಗುಲಲ್ಲಿ ಇಂದಿಗೂ ಕಾಣಬಹುದು. ಎರಡನೆಯ ಮಹಾಯುದ್ಧದಲ್ಲಿ, ಬಾಂಬು ಬಿದ್ದು ಕಾಲುವೆಯು ಒಡೆದರೆ ಕೆಳಗಿನ ರೈಲು ಸುರಂಗವು ಮುಳುಗೀತೆಂಬ ಭಯದಿಂದ ಕಿಂಗ್ಸ್ ಕ್ರಾಸ್ ಬಳಿ ತಡೆಬಾಗಿಲುಗಳನ್ನಿಟ್ಟರು. ಆ ಯುದ್ಧದ ಪಳೆಯುಳಿಕೆಯು 2008ರ ಜೂನಿನಲ್ಲಿಯೂ ಸಿಕ್ಕಿತು: ಲೀ ನದಿಯ ತಳದಲ್ಲಿ, ಬ್ರಾಮ್ಲಿ-ಬೈ-ಬೋ ಸಮೀಪದಲ್ಲಿ, ಒಂದು ಸಾವಿರ ಕಿಲೋಗ್ರಾಂ ತೂಕದ ಜರ್ಮನ್ ಬಾಂಬು. ಸೈನ್ಯದವರು ಅದನ್ನು ನಿಷ್ಕ್ರಿಯಗೊಳಿಸಬೇಕಾಯಿತು. ಲಂಡನ್ನಿನ ಆಚೆಗೆ ನೋಡಿದರೆ, 2024ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನ ನೆರೆಯ ವಾಲ್ಸಾಲ್ ಪಟ್ಟಣದ ಕಾಲುವೆಗೆ ಸೋಡಿಯಂ ಸಯನೈಡ್ ಎಂಬ ಘೋರ ವಿಷವು ಹರಿಯಿತು. ಮೀನುಗಳು ಸತ್ತು ತೇಲಿದವು, ಮೈಲಿಗಟ್ಟಲೆ ನೀರನ್ನು ಮುಟ್ಟಕೂಡದೆಂದು ಸಾರಲಾಯಿತು. ಇಂಥ ಸಮಯದಲ್ಲಿ ಕಾಲುವೆಯನ್ನು ಮುಚ್ಚದೆ ಬಿಡುವ ಅಧಿಕಾರಿಯು ಅಪರಾಧಿಯೇ ಸರಿ.

ಆದರೆ ಮುಚ್ಚುವ ಆಜ್ಞೆಯು ಹೊರಟ ಮೇಲೆ ದೋಣಿಯೊಳಗೆ ನಡೆಯುವುದನ್ನು ಅರಿತವರು ಕಡಮೆ. ದೋಣಿಯ ಮನೆಗೆ ನಲ್ಲಿಯಿಲ್ಲ. ಕೆಲವು ನೂರು ಲೀಟರು ಹಿಡಿಯುವ ತೊಟ್ಟಿಯನ್ನು ದಂಡೆಯ ಮೇಲಿನ ನೀರಿನ ತಾಣಕ್ಕೆ ಹೋಗಿ ತುಂಬಿಕೊಳ್ಳಬೇಕು. ಅದು ಲಾಕಿನ ಆಚೆಗಿದ್ದರೆ ಕೊಡಗಳಲ್ಲಿ ಹೊರಬೇಕು. ಶೌಚದ ಪೆಟ್ಟಿಗೆಯನ್ನು ಬರಿದುಮಾಡುವ ತಾಣವೂ ಹಾಗೆಯೇ. ಅದನ್ನು ಕೈಯಲ್ಲಿ ಹಿಡಿದು ಪಟ್ಟಣದ ಬೀದಿಯಲ್ಲಿ ಮೈಲಿ ನಡೆಯಬೇಕಾದವನ ಮಾನದ ಪ್ರಶ್ನೆಯನ್ನು ಯಾವ ನೋಟೀಸೂ ಎತ್ತುವುದಿಲ್ಲ. ಚಳಿಗಾಲದಲ್ಲಿ ಒಲೆಗೆ ಕಲ್ಲಿದ್ದಲು, ಅಡಿಗೆಗೆ ಗ್ಯಾಸು, ಎಂಜಿನಿಗೆ ಡೀಸೆಲ್ಲು, ಇವನ್ನೆಲ್ಲ ಮಾರುವವನೂ ಎಷ್ಟೋ ಕಡೆ ದೋಣಿಯಲ್ಲೇ ಬರುವವನು. ದಾರಿಯು ಮುಚ್ಚಿದರೆ ಅವನ ಅಂಗಡಿಯೂ ಮುಚ್ಚಿತು. ದುರಸ್ತಿಯ ದೊಡ್ಡ ಕೆಲಸಗಳನ್ನು ನವೆಂಬರಿನಿಂದ ಮಾರ್ಚಿಯ ವರೆಗೆ ಮಾಡುವ ಪದ್ಧತಿಯಿದೆ. ಬೇಸಿಗೆಯ ವಿಹಾರಿಗಳಿಗೆ ಇದು ಅನುಕೂಲವೇ. ವರ್ಷವಿಡೀ ನೀರಿನ ಮೇಲಿರುವವನಿಗೆ ಉರುವಲೂ ನೀರೂ ಅತ್ಯಗತ್ಯವಾದ ತಿಂಗಳುಗಳು ಇವೇ. ಮಕ್ಕಳ ಶಾಲೆ, ವೈದ್ಯನ ಮನೆ, ಕೆಲಸದ ಸ್ಥಳಗಳಿಗೆ ನಡೆದು ಹೋಗುವಷ್ಟು ದೂರವನ್ನು ಲೆಕ್ಕಹಾಕಿ ಮುಂದಿನ ತಂಗುದಾಣವನ್ನು ಗೊತ್ತುಮಾಡಿಕೊಂಡ ತಾಯಿಯೊಬ್ಬಳಿಗೆ, ಆ ಎರಡು ಮೈಲಿ ಇನ್ನು ಆರು ವಾರ ಇಲ್ಲವೆಂದು ಹೇಳಿದರೆ ಅವಳ ಲೆಕ್ಕವೆಲ್ಲ ಬುಡಮೇಲಾಗುತ್ತದೆ.

ಇಷ್ಟಾದರೂ ಮುರಿದ ಬಾಗಿಲಿಗಾಗಿ, ಹರಿದ ವಿಷಕ್ಕಾಗಿ ಮುಚ್ಚಿದ್ದನ್ನು ದೋಣಿವಾಸಿಗಳು ಸಹಿಸುತ್ತಾರೆ; ಅಪಾಯವು ಮೊದಲು ತಟ್ಟುವುದು ಅವರಿಗೇ. ಅವರ ಕಹಿಗೆ ಕಾರಣವಾಗಿರುವುದು ಮತ್ತೊಂದು ಬಗೆಯ ಸುರಕ್ಷತೆ. 2012ರ ಒಲಿಂಪಿಕ್ ಕ್ರೀಡೆಗಳಿಗಾಗಿ ಲಂಡನ್ನಿನ ಪೂರ್ವಭಾಗದ ಬೋ ಬ್ಯಾಕ್ ನದಿಗಳೆಂಬ ಕಾಲುವೆಗಳ ಜಾಲವನ್ನು 2007ರಲ್ಲಿಯೇ ಮುಚ್ಚಿದರು. ಕಟ್ಟಡದ ಕೆಲಸವೆಂದು ಮೊದಲು, ಕಾವಲೆಂದು ಬಳಿಕ. ಕ್ರೀಡೆಗಳ ಕಾಲಕ್ಕೆ ಸುತ್ತಲಿನ ಜಲಮಾರ್ಗದ ಸಂಚಾರಕ್ಕೂ ಬಿಗಿಯಾದ ನಿರ್ಬಂಧಗಳು ಬಂದವು. ಕ್ರೀಡೆಗಳು ಕೆಲವೇ ವಾರಗಳಲ್ಲಿ ಮುಗಿದವು. ಅಲ್ಲಿನ ಕಾರ್ಪೆಂಟರ್ಸ್ ರೋಡ್ ಲಾಕು ಜೀರ್ಣೋದ್ಧಾರಗೊಂಡು ತೆರೆದದ್ದು 2017ರಲ್ಲಿ. ಅತಿಥಿಗಳು ಹೋಗಿ ಐದು ವರ್ಷಗಳಾದ ಮೇಲೆ! ಹುಟ್ಟುಹಾಕಿ ದೋಣಿಯೋಟದ ಅಭ್ಯಾಸ ಮಾಡುವವರಿಗೂ ನಿಂತ ದೋಣಿಗಳಿಗೂ ಡಿಕ್ಕಿಯಾದೀತೆಂಬ ಕಾರಣದಿಂದ 2021ರಲ್ಲಿ ಟ್ರಸ್ಟು ಲೀ ನದಿಯ ಹ್ಯಾಕ್ನಿ ಮತ್ತು ಬ್ರಾಕ್ಸ್‌ಬೋರ್ನ್ ಪ್ರದೇಶಗಳಲ್ಲಿ ಜಲಸುರಕ್ಷತಾ ವಲಯಗಳನ್ನು ಗುರುತಿಸಿ, ಅಲ್ಲಿ ದೋಣಿ ಕಟ್ಟುವುದನ್ನು ನಿಷೇಧಿಸಹೊರಟಿತು. ಇದರಿಂದ ನೂರಾರು ದೋಣಿಮನೆಗಳು ತಾವು ಕಳೆದುಕೊಳ್ಳುವುವೆಂದು ದೋಣಿವಾಸಿಗಳ ಸಂಘವು ಆಕ್ಷೇಪಿಸಿತು, ಪ್ರತಿಭಟನೆಗಳು ನಡೆದವು.

ದೋಣಿಯೋಟದವರ ಭಯವು ಸುಳ್ಳಲ್ಲ. ಇಕ್ಕಟ್ಟಾದ ನೀರಿನಲ್ಲಿ ಬೆನ್ನು ಮುಂದಾಗಿ ವೇಗವಾಗಿ ಬರುವ ಹಗುರ ದೋಣಿಗೂ ಉಕ್ಕಿನ ಭಾರದ ದೋಣಿಗೂ ತಾಗಾಟವಾದರೆ ಪೆಟ್ಟು ಯಾರಿಗೆಂಬುದು ಸ್ಪಷ್ಟ. ಆದರೆ ಇಬ್ಬರು ಒಂದು ದಾರಿಯನ್ನು ಬಳಸುವಾಗ ಅಪಾಯವು ಇಬ್ಬರ ಕೂಡುವಿಕೆಯಿಂದ ಹುಟ್ಟುತ್ತದೆ, ಒಬ್ಬನ ಇರುವಿಕೆಯಿಂದಲ್ಲ. ಅಭ್ಯಾಸದ ಹೊತ್ತನ್ನು ಗೊತ್ತುಪಡಿಸಬಹುದು, ವೇಗವನ್ನು ತಗ್ಗಿಸಬಹುದು, ಅಕ್ಕಪಕ್ಕ ಎರಡು ಸಾಲು ಕಟ್ಟುವುದನ್ನು ಮಾತ್ರ ತಡೆಯಬಹುದು. ಇವುಗಳನ್ನು ಮೊದಲು ಪರೀಕ್ಷಿಸದೆ, ಸಂಜೆ ಮನೆಗೆ ಹೋಗುವವನ ಆಟಕ್ಕಾಗಿ ಅಲ್ಲೇ ಮನೆಯಿರುವವನನ್ನು ಎಬ್ಬಿಸುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ನಿಷೇಧಿತ ದಂಡೆಗಳು ಹೆಚ್ಚಾದಷ್ಟೂ ಉಳಿದ ದಂಡೆಗಳಲ್ಲಿ ನೂಕುನುಗ್ಗಲು ಹೆಚ್ಚುತ್ತದೆ. ಅಪಾಯವು ನಿವಾರಣೆಯಾಗದೆ ಒಂದು ಮೈಲಿಯಿಂದ ಇನ್ನೊಂದು ಮೈಲಿಗೆ ವರ್ಗವಾಗುತ್ತದೆ.

ಟ್ರಸ್ಟಿಗೆ ಬೇರೆ ರೀತಿಯಲ್ಲಿ ನಡೆಯಲು ಬರುವುದಿಲ್ಲವೆಂದಲ್ಲ. 2020ರ ಮಾರ್ಚಿಯಲ್ಲಿ ಕೋವಿಡ್ ಪಿಡುಗು ಹಬ್ಬಿದಾಗ ಅದು ಅನಾವಶ್ಯಕ ಸಂಚಾರವನ್ನು ನಿಲ್ಲಿಸಿತು. ಜೊತೆಗೇ ಹದಿನಾಲ್ಕು ದಿವಸಗಳ ನಿಯಮವನ್ನೂ ಎಲ್ಲರಿಗಾಗಿ ತಡೆಹಿಡಿಯಿತು. ಒಬ್ಬೊಬ್ಬನೂ ಕಾರಣವನ್ನು ಬರೆದು ಕೈಜೋಡಿಸಿ ನಿಲ್ಲಬೇಕಾಗಲಿಲ್ಲ. ಜಲಮಾರ್ಗವೂ ಕುಸಿದು ಬೀಳಲಿಲ್ಲ.

ಹಣದ ಸಂಗತಿಯನ್ನು ಬಿಟ್ಟರೆ ಈ ವಿಚಾರವು ಅಪೂರ್ಣವಾದೀತು. ಲಾಕಿನ ಓಕ್ ಮರದ ಬಾಗಿಲು ಸುಮಾರು ಇಪ್ಪತ್ತೈದು ವರ್ಷ ಬಾಳುತ್ತದೆ. ಸಕಾಲಕ್ಕೆ ಬದಲಿಸದಿದ್ದರೆ ಅದು ಸುರಕ್ಷತೆಯ ಕಾರಣವಾಗಿ ಪರಿಣಮಿಸುತ್ತದೆ. 2025ರ ಬೇಸಿಗೆಯ ಅನಾವೃಷ್ಟಿಯಲ್ಲಿ ಲೀಡ್ಸ್-ಲಿವರ್‌ಪೂಲ್ ಕಾಲುವೆಯ ದೀರ್ಘಭಾಗವನ್ನು ನೀರಿಲ್ಲದೆ ಮುಚ್ಚಬೇಕಾಯಿತು. ಬ್ರಿಟಿಷ್ ಸರಕಾರವು 2027ರಿಂದ 2037ರ ವರೆಗೆ ಟ್ರಸ್ಟಿಗೆ ಕೊಡುವುದಾಗಿ 2023ರಲ್ಲಿ ಸಾರಿದ ಅನುದಾನವು 40 ಕೋಟಿ 10 ಲಕ್ಷ ಪೌಂಡುಗಳು. ಹಣದ ಬೆಲೆಯಿಳಿತವನ್ನು ಲೆಕ್ಕಕ್ಕೆ ಹಿಡಿದರೆ ಇದು 30 ಕೋಟಿ ಪೌಂಡುಗಳಿಗೂ ಮಿಕ್ಕಿದ ಕಡಿತವೆಂದು ಟ್ರಸ್ಟೇ ದೂರಿದೆ. ಸರಕಾರವು ಕೈ ಹಿಂದೆಗೆದಾಗ ಟ್ರಸ್ಟು ಕೈ ಚಾಚಿದ್ದು ಯಾರ ಕಡೆಗೆ? ಕಾಯಂ ಕಟ್ಟುದಾಣವಿಲ್ಲದ ದೋಣಿಗಳ ಮೇಲೆ 2024ರ ಏಪ್ರಿಲಿನಿಂದ ಹೆಚ್ಚುವರಿ ಪರವಾನಿಗಿ ಶುಲ್ಕವನ್ನು ವಿಧಿಸಿತು. ನೂರಕ್ಕೆ ಐದರಿಂದ ಮೊದಲಾಗಿ 2028ಕ್ಕೆ ನೂರಕ್ಕೆ ಇಪ್ಪತ್ತೈದನ್ನು ಮುಟ್ಟುವಂತೆ ಅದನ್ನು ಗೊತ್ತುಮಾಡಲಾಯಿತು. ಜಲಮಾರ್ಗವನ್ನು ಅತಿ ಹೆಚ್ಚಾಗಿ ಬಳಸುವವರು ಹೆಚ್ಚು ಕೊಡಬೇಕೆಂಬುದು ಟ್ರಸ್ಟಿನ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ, ಆದರೆ ಮುಚ್ಚಿದ ತಿಂಗಳುಗಳಿಗೂ ಅದೇ ದರದಲ್ಲಿ ಹಣ ತೆರಬೇಕಾದವನು ಬಳಕೆಯ ಲೆಕ್ಕವನ್ನು ತಾನೂ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಇಂಗ್ಲಂಡಿನ ಪಾರ್ಲಿಮೆಂಟು ದೋಣಿಯನ್ನು ಮನೆಯೆಂದು ಗುರುತಿಸಿದ್ದು ನಿನ್ನೆ ಮೊನ್ನೆಯಲ್ಲ. ಕೋಲ್‌ವಿಲ್ಲಿನ ಜಾರ್ಜ್ ಸ್ಮಿತ್ ಎಂಬ ಸುಧಾರಕನ ಹೋರಾಟದ ಫಲವಾಗಿ 1877ರಲ್ಲಿಯೂ ಮರಳಿ 1884ರಲ್ಲಿಯೂ ಬಂದ ಕಾಲುವೆ ದೋಣಿಗಳ ಕಾಯಿದೆಗಳು ಸರಕಿನ ದೋಣಿಗಳಲ್ಲಿ ವಾಸಿಸುವ ಸಂಸಾರಗಳ ನೈರ್ಮಲ್ಯ, ಮಕ್ಕಳ ವಿದ್ಯಾಭ್ಯಾಸಗಳನ್ನು ರಾಜ್ಯದ ಹೊಣೆಯೊಳಗೆ ತಂದವು. ಆಗ ಮಾನ್ಯವಾದದ್ದು ಈಗ ಅಮಾನ್ಯವಾಗಲು ಕಾರಣವಿಲ್ಲ. ಹೊಸ ಕಾಯಿದೆಯೂ ಬೇಕಾಗಿಲ್ಲ. ಕಾಲುವೆಯನ್ನು ಮುಚ್ಚುವ ಪ್ರತಿಯೊಂದು ನೋಟೀಸಿನಲ್ಲಿಯೂ ಮುಚ್ಚಲು ಕಾರಣವೇನು, ತೆರೆಯುವ ದಿನ ಯಾವುದು, ಈ ಭಾಗದೊಳಗೆ ಸಿಕ್ಕವರಿಗೆ ನೀರೂ ಶೌಚದ ವಿಲೇವಾರಿಯೂ ಎಲ್ಲಿ ದೊರೆಯುವುದು ಎಂಬುದನ್ನು ಬರೆಯಲಿ. ಹದಿನಾಲ್ಕು ದಿವಸಗಳ ಲೆಕ್ಕವು ಅರ್ಜಿಯಿಲ್ಲದೆಯೇ ಆ ದಿನದಿಂದ ನಿಂತಿದೆಯೆಂದೂ ಬರೆಯಲಿ. 1995ರ ಕಲಮಿನ ಮಾತುಗಳು ಇದಕ್ಕೆ ಸಾಕು. ದಂಡೆಯ ಮೇಲೆ ನೀರಿನ ತೊಟ್ಟಿಯ ಗಾಡಿಯೊಂದನ್ನು ವಾರಕ್ಕೆರಡು ಸಲ ನಿಲ್ಲಿಸಲು ತಗಲುವ ಖರ್ಚನ್ನು ದುರಸ್ತಿಯ ಅಂದಾಜುಪಟ್ಟಿಯಲ್ಲಿ, ಸಿಮೆಂಟು ಮತ್ತು ಓಕ್ ಮರದ ಬಾಬುಗಳ ಜೊತೆಯಲ್ಲಿಯೇ ಸೇರಿಸತಕ್ಕದ್ದು.